ಕ್ಲಿನಿಕಲ್ ನ್ಯೂರೋಸೈಕಾಲಜಿಸ್ಟರ ತರಬೇತಿ ಮತ್ತು ಸಮ್ಮೇಳನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕೆಲಸಕ್ಕೆ ಬರಬೇಕು ಅಂದುಕೊಂಡಿರುವ ವಿದ್ಯಾರ್ಥಿಗಳೂ, ಬಂದು ಎರಡು ಮೂರು ವರ್ಷ ಆದವರೂ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಒಬ್ಬೊಬ್ಬರಿಗೆ ಒಂದೊಂದು ಸಲ ಕೊಟ್ಟ ಉತ್ತರಗಳನ್ನು ಇಲ್ಲಿ ಒಂದೆಡೆ ಹಾಕಿದ್ದೇನೆ. ಕೆಲವು ಉದ್ದ, ಕೆಲವು ಗಿಡ್ಡ. ನಿಯಮ ಯಾವುದು, ನನ್ನ ಅಭಿಪ್ರಾಯ ಯಾವುದು ಎಂಬುದು ಓದುವಾಗಲೇ ಗೊತ್ತಾಗುತ್ತದೆ.

ನ್ಯೂರಾಲಜಿಸ್ಟ್ ಬೇರೆ, ನ್ಯೂರೋಸೈಕಾಲಜಿಸ್ಟ್ ಬೇರೆಯೇ?

ಬೇರೆ. ನ್ಯೂರಾಲಜಿಸ್ಟ್ ವೈದ್ಯರು, ನರಮಂಡಲದ ಕಾಯಿಲೆ ಪತ್ತೆ ಹಚ್ಚಿ ಔಷಧಿ ಕೊಡುವವರು. ನ್ಯೂರೋಸೈಕಾಲಜಿಸ್ಟ್ ಮೂಲತಃ ಮನೋವಿಜ್ಞಾನಿ. ತಲೆಗೆ ಪೆಟ್ಟು ಬಿದ್ದಾಗ, ಸ್ಟ್ರೋಕ್ ಆದಾಗ, ಮೂರ್ಛೆರೋಗ ಇದ್ದಾಗ, ವಯಸ್ಸಾದವರಲ್ಲಿ ಮರೆವು ಹೆಚ್ಚಾದಾಗ, ನೆನಪು, ಗಮನ, ಭಾಷೆ, ಮುಂದಾಲೋಚನೆ ಇವುಗಳಲ್ಲಿ ಯಾವುದು ಉಳಿದಿದೆ, ಯಾವುದು ಕೆಟ್ಟಿದೆ ಎಂದು ಗಂಟೆಗಟ್ಟಲೆ ಎದುರು ಕೂತು ಪರೀಕ್ಷಿಸುವುದು ಅವರ ಕೆಲಸ. ಎಂಆರ್‌ಐ ನೋಡಿದರೆ ಮೆದುಳಿನಲ್ಲಿ ಕಲೆ ಎಲ್ಲಿದೆ ಎಂದು ಗೊತ್ತಾಗುತ್ತದೆ. ಆ ಮನುಷ್ಯ ಮತ್ತೆ ಗಾಡಿ ಓಡಿಸಬಹುದೇ, ತನ್ನ ಮಾತ್ರೆಗಳನ್ನು ತಾನೇ ಲೆಕ್ಕವಿಟ್ಟು ತೆಗೆದುಕೊಳ್ಳಬಲ್ಲನೇ ಎಂಬುದು ಅದರಲ್ಲಿ ಬರುವುದಿಲ್ಲ.

ತಜ್ಞರಾಗಲು ಎಷ್ಟು ವರ್ಷ ಬೇಕು?

ದೇಶದಿಂದ ದೇಶಕ್ಕೆ ದಾರಿ ಬೇರೆ. ಅಮೆರಿಕದಲ್ಲಿ ಮೊದಲು ಮನೋವಿಜ್ಞಾನದಲ್ಲಿ ಡಾಕ್ಟರೇಟ್, ಅದರ ಜೊತೆಗೆ ಇಂಟರ್ನ್‌ಷಿಪ್, ಆಮೇಲೆ ಎರಡು ವರ್ಷದ ರೆಸಿಡೆನ್ಸಿ. ಬ್ರಿಟನ್ನಿನಲ್ಲಿ ಮೊದಲು ಕ್ಲಿನಿಕಲ್ ಅಥವಾ ಎಜುಕೇಷನಲ್ ಸೈಕಾಲಜಿಸ್ಟ್ ಆಗಿ ನೋಂದಣಿ ಆಗಬೇಕು. ಅದರ ಮೇಲೆ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ ನ್ಯೂರೋಸೈಕಾಲಜಿ ಅರ್ಹತೆ ಪಡೆದವರ ಹೆಸರು ಸೊಸೈಟಿಯ ತಜ್ಞರ ಪಟ್ಟಿಗೆ ಸೇರುತ್ತದೆ. ಆಸ್ಟ್ರೇಲಿಯಾದಲ್ಲಿ ಕ್ಲಿನಿಕಲ್ ನ್ಯೂರೋಸೈಕಾಲಜಿಗೇ ಮೀಸಲಾದ ಸ್ನಾತಕೋತ್ತರ ಪದವಿ ಇದೆ. ಅದು ಮುಗಿದ ಮೇಲೆ ರಿಜಿಸ್ಟ್ರಾರ್ ಆಗಿ, ಅಂದರೆ ತರಬೇತಿಯಲ್ಲಿರುವ ತಜ್ಞರಾಗಿ, ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕು.

ಹೆಸರು, ವರ್ಷ ಬೇರೆಯಾದರೂ ಒಂದು ವಿಷಯದಲ್ಲಿ ಎಲ್ಲರದೂ ಒಂದೇ ಮಾತು. ಓದು ಮುಗಿದ ಮೇಲೆ ಅನುಭವಿಯೊಬ್ಬರ ಕಣ್ಣೆದುರು ರೋಗಿಗಳನ್ನು ನೋಡಿದ ಕಾಲ ಇರಲೇಬೇಕು. ಇದನ್ನು ಬಿಟ್ಟುಕೊಟ್ಟ ವ್ಯವಸ್ಥೆ ನನಗೆ ಗೊತ್ತಿದ್ದಂತೆ ಯಾವುದೂ ಇಲ್ಲ.

ಎಲ್ಲಿ ನೋಡಿದರೂ "ಹ್ಯೂಸ್ಟನ್ ಮಾದರಿ" ಅನ್ನುತ್ತಾರೆ. ಏನದು?

1997ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಈ ಕ್ಷೇತ್ರದ ಒಂದಷ್ಟು ಜನ ಕೆಲವು ದಿನ ಕೂತು, ನ್ಯೂರೋಸೈಕಾಲಜಿಸ್ಟ್ ಎಂದು ಯಾರನ್ನು ಕರೆಯಬೇಕು, ಅವರಿಗೆ ಏನು ಗೊತ್ತಿರಬೇಕು, ಏನು ಮಾಡಲು ಬರಬೇಕು ಎಂದು ಬರೆದಿಟ್ಟರು. ಪ್ರಕಟವಾದದ್ದು 1998ರಲ್ಲಿ. ಆ ಸಭೆಗೆ ಒಂದು ವರ್ಷ ಮುಂಚೆ, 1996ರಲ್ಲಿ, ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಕ್ಲಿನಿಕಲ್ ನ್ಯೂರೋಸೈಕಾಲಜಿಯನ್ನು ಪ್ರತ್ಯೇಕ ತಜ್ಞತೆ ಎಂದು ಒಪ್ಪಿಕೊಂಡಿತ್ತು. ತಜ್ಞತೆ ಅಂತ ಆದ ಮೇಲೆ ಗಡಿ ಹಾಕಲೇಬೇಕಲ್ಲ.

ಅದಕ್ಕೂ ಮುಂಚೆ ಕಲಿಯುವ ರೀತಿಯೇ ಬೇರೆ ಇತ್ತು. ವಾರ್ಡ್ ಹ್ಯಾಲ್‌ಸ್ಟೆಡ್ 1935ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾಲಯ ತೆರೆದರು. ಅವರ ಶಿಷ್ಯ ರಾಲ್ಫ್ ರೈಟನ್ ಆ ಪರೀಕ್ಷೆಗಳನ್ನು ಬೆಳೆಸಿ ಊರೂರಿಗೆ ಹೋಗಿ ಕಾರ್ಯಾಗಾರ ನಡೆಸಿದರು. ರೋಗಿಯ ಹೆಸರು, ಇತಿಹಾಸ ಏನೂ ನೋಡದೆ ಬರೀ ಅಂಕಗಳನ್ನು ನೋಡಿ ಮೆದುಳಿನ ಯಾವ ಭಾಗಕ್ಕೆ ತೊಂದರೆ ಎಂದು ಹೇಳುವುದು ಆ ಕಾರ್ಯಾಗಾರಗಳ ಆಕರ್ಷಣೆ. ಇನ್ನೊಂದು ಕಡೆ ಬಾಸ್ಟನ್ನಿನಲ್ಲಿ ಈಡಿತ್ ಕಾಪ್ಲನ್ ಅಂಕಕ್ಕಿಂತ ಅಂಕ ಬಂದ ದಾರಿ ನೋಡಿ ಅನ್ನುತ್ತಿದ್ದರು. ಚಿತ್ರವನ್ನು ರೋಗಿ ಎಲ್ಲಿಂದ ಬರೆಯಲು ಶುರು ಮಾಡಿದ, ಎಲ್ಲಿ ತಪ್ಪಿದ, ತಪ್ಪಿದ್ದು ಅವನಿಗೆ ಗೊತ್ತಾಯಿತೇ ಎಂಬುದು ಅವರಿಗೆ ಮುಖ್ಯ. ಯಾರ ಬಳಿ ಕಲಿತಿರಿ ಎಂಬುದರ ಮೇಲೆ ನೀವು ಯಾವ ಪಂಗಡ ಎಂಬುದು ತೀರ್ಮಾನವಾಗುತ್ತಿತ್ತು. ಹ್ಯೂಸ್ಟನ್ ಸಭೆ ಈ ಮನೆಗಳ ಮಧ್ಯೆ ಒಂದು ಸಾಮಾನ್ಯ ಅಂಗಳ ಮಾಡಿಕೊಟ್ಟಿತು.

ಆ ದಾಖಲೆಯಲ್ಲಿ ನನಗೆ ತುಂಬ ಮುಖ್ಯ ಅನ್ನಿಸುವುದು ಎಲ್ಲರೂ ಹಾರಿಸಿ ಓದುವ ಒಂದು ಸಣ್ಣ ಭಾಗ. ಮುಂದುವರಿದ ಶಿಕ್ಷಣ, ಅಂದರೆ ಕಾರ್ಯಾಗಾರ, ಸಮ್ಮೇಳನ, ಕೋರ್ಸುಗಳು, ಎಲ್ಲ ತಜ್ಞರಿಗೂ ಬೇಕು ಅನ್ನುತ್ತದೆ ಅದು. ಬೆನ್ನಿಗೇ, ಈ ಕ್ಷೇತ್ರದ ಮೂಲ ಜ್ಞಾನವನ್ನೂ ಕೌಶಲವನ್ನೂ ಸಂಪಾದಿಸಿಕೊಳ್ಳಲು ಅದೇ ದಾರಿ ಆಗಬಾರದು ಎಂದೂ ಹೇಳುತ್ತದೆ. ಈ ಪುಟದ ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇದೆ.

ಹ್ಯೂಸ್ಟನ್ ಹಳೆಯದಾಯಿತು, ಈಗ ಮಿನ್ನೆಸೋಟ ಅಂತಾರಲ್ಲ?

ಹೌದು. 2022ರಲ್ಲಿ ಈ ಕ್ಷೇತ್ರದವರು ಅಮೆರಿಕದ ಮಿನ್ನೆಸೋಟದಲ್ಲಿ ಸೇರಿ ಹಳೆಯ ಮಾರ್ಗಸೂಚಿಯನ್ನು ತಿದ್ದಿದರು. ಎಷ್ಟು ಗಂಟೆ ಕೂತೆ ಎಂಬುದಕ್ಕಿಂತ ಏನು ಮಾಡಬಲ್ಲೆ ಎಂಬುದಕ್ಕೆ ಈಗ ಒತ್ತು. ಭಾಷೆ, ಸಂಸ್ಕೃತಿ, ಸಾಮಾಜಿಕ ಅಸಮಾನತೆ, ತಂತ್ರಜ್ಞಾನ ಇವೆಲ್ಲ ಅಡಿಟಿಪ್ಪಣಿಯಿಂದ ಮುಖ್ಯ ಪಠ್ಯಕ್ಕೆ ಬಂದಿವೆ. 1997ರಲ್ಲಿ ವಿಡಿಯೋ ಕರೆಯಲ್ಲಿ ನೆನಪಿನ ಪರೀಕ್ಷೆ ಮಾಡುವ ಮಾತು ಹೆಚ್ಚಿನವರ ತಲೆಯಲ್ಲಿ ಇರಲಿಲ್ಲ. ಹೊಸದಾಗಿ ಓದಲು ಶುರು ಮಾಡುವವರು ಎರಡನ್ನೂ ಓದಲಿ, ಹಳೆಯದನ್ನು ಮೊದಲು.

ವಾರಾಂತ್ಯದ ಕಾರ್ಯಾಗಾರ ಮಾಡಿದ್ದೇನೆ, ಸರ್ಟಿಫಿಕೇಟ್ ಇದೆ. ಪರೀಕ್ಷೆ ಮಾಡಲು ಶುರು ಮಾಡಬಹುದೇ?

ಇಲ್ಲ. ಇದನ್ನು ಕೇಳಿ ಬೇಜಾರಾದವರು ತುಂಬ ಜನ, ಅದಕ್ಕೇ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರೇ ಅವರ ಸಂಕೀರ್ಣ ಚಿತ್ರದ ಪರೀಕ್ಷೆ ಎಂದು ಒಂದಿದೆ, ಕೊಟ್ಟ ಚಿತ್ರವನ್ನು ರೋಗಿ ನೋಡಿ ಬರೆಯಬೇಕು. ಸ್ವಿಟ್ಜರ್‌ಲೆಂಡಿನ ಆಂದ್ರೆ ರೇ 1941ರಲ್ಲಿ ಮಾಡಿದ್ದು, 1944ರಲ್ಲಿ ಆಸ್ಟರ್‌ರೀತ್ ಅಂಕ ಕೊಡುವ ಕ್ರಮ ಹಾಕಿದರು. ಚಿತ್ರ ಹೇಗಿರುತ್ತದೆ ಎಂದು ನಾನು ಇಲ್ಲಿ ಹೇಳುವುದಿಲ್ಲ. ಯಾಕೆ ಎಂಬುದು ಮುಂದೆ ಬರುತ್ತದೆ. ಅದನ್ನು 18 ತುಂಡುಗಳಾಗಿ ನೋಡಿ, ಒಂದೊಂದಕ್ಕೆ ಹೆಚ್ಚೆಂದರೆ 2ರಂತೆ ಒಟ್ಟು 36 ಅಂಕ. ಗೆರೆ ಸರಿ ಇದ್ದು ಜಾಗ ತಪ್ಪಿದರೆ 1, ಎರಡೂ ಕೆಟ್ಟಿದ್ದು ಗುರುತು ಹತ್ತುವ ಹಾಗಿದ್ದರೆ ಅರ್ಧ. ಕೇಳಲು ಎಷ್ಟು ಸುಲಭ!

ನಾನು ಕಲಿಯುವ ಕಾಲದಲ್ಲಿ ಒಂದು ಕಾರ್ಯಾಗಾರಕ್ಕೆ ಹೋಗಿದ್ದೆ. ಒಬ್ಬ ರೋಗಿ ಬರೆದ ಒಂದೇ ಚಿತ್ರದ ಜೆರಾಕ್ಸ್ ಪ್ರತಿಗಳನ್ನು ಹಂಚಿ ಅಂಕ ಹಾಕಿ ಅಂದರು. ಬೆಳಗ್ಗೆಯಿಂದ ನಿಯಮ ಕೇಳಿಸಿಕೊಂಡಿದ್ದ ಕೋಣೆ ಅದು. ನಾನು 31 ಕೊಟ್ಟೆ, ಪಕ್ಕದಲ್ಲಿದ್ದವರು 25 ಕೊಟ್ಟರು. ನನ್ನ ಲೆಕ್ಕದಲ್ಲಿ ಆ ಮನುಷ್ಯ ಪರವಾಗಿಲ್ಲ, ಅವರ ಲೆಕ್ಕದಲ್ಲಿ ದೊಡ್ಡ ತೊಂದರೆ. ಇಬ್ಬರ ಕೈಯಲ್ಲೂ ಸಂಜೆಗೆ ಒಂದೇ ಥರದ ಸರ್ಟಿಫಿಕೇಟ್. ಆಮೇಲೆ ಕೆಲಸಕ್ಕೆ ಸೇರಿದ ಕಡೆ ನನ್ನ ಸೂಪರ್‌ವೈಸರ್ ಮೇಡಂ ಆರು ತಿಂಗಳು ನಾನು ಅಂಕ ಹಾಕಿದ ಪ್ರತಿ ಚಿತ್ರವನ್ನೂ ಮತ್ತೆ ತಾವೇ ಹಾಕಿ, ಎರಡನ್ನೂ ಪಕ್ಕಪಕ್ಕ ಇಟ್ಟು, "ಇಲ್ಲಿ ಯಾಕೆ ಕರುಣೆ ತೋರಿಸಿದೆ?" ಎಂದು ಕೇಳುತ್ತಿದ್ದರು. ಕೈ ಕೂತದ್ದು ಅಲ್ಲಿ.

ಹಾಗಾದರೆ ಆ ಕಾರ್ಯಾಗಾರ ವ್ಯರ್ಥವೇ ಅಂದರೆ, ಅಲ್ಲ. ನನಗೆ ಬರುವುದಿಲ್ಲ ಎಂಬುದು ನನಗೆ ಗೊತ್ತಾದದ್ದೇ ಆ ಕೋಣೆಯಲ್ಲಿ.

ಬೋರ್ಡ್ ಸರ್ಟಿಫಿಕೇಷನ್ ಅಂದರೇನು? ಪರೀಕ್ಷೆ ಕಷ್ಟವೇ?

ಅಮೆರಿಕದಲ್ಲಿ ಇದಕ್ಕೆ ಹೆಚ್ಚು ಹೆಸರಿರುವುದು ಅಮೆರಿಕನ್ ಬೋರ್ಡ್ ಆಫ್ ಕ್ಲಿನಿಕಲ್ ನ್ಯೂರೋಸೈಕಾಲಜಿಯ ಮನ್ನಣೆ. ಆ ಮಂಡಳಿ ಶುರುವಾದದ್ದು 1981ರಲ್ಲಿ. ಕೆಲಸ ಮಾಡಲು ಲೈಸೆನ್ಸ್ ಸಾಕು, ಬೋರ್ಡ್ ಕಡ್ಡಾಯವಲ್ಲ. ಆದರೆ ಕೆಲಸಕ್ಕೆ ತೆಗೆದುಕೊಳ್ಳುವವರು ಕೇಳುತ್ತಾರೆ.

ಹಂತ ನಾಲ್ಕು. ಮೊದಲು ನಿಮ್ಮ ಓದು, ತರಬೇತಿಯ ಕಾಗದಪತ್ರ ನೋಡುತ್ತಾರೆ. ಆಮೇಲೆ 125 ಪ್ರಶ್ನೆಗಳ ಬಹು ಆಯ್ಕೆಯ ಲಿಖಿತ ಪರೀಕ್ಷೆ. ಅದಾದ ಮೇಲೆ ನೀವೇ ನೋಡಿದ ಎರಡು ಕೇಸುಗಳ ವರದಿ ಕಳಿಸಬೇಕು. ಕೊನೆಗೆ ಮೌಖಿಕ. ಮೌಖಿಕದಲ್ಲಿ ಕಳಿಸಿದ ಕೇಸುಗಳನ್ನು ಸಮರ್ಥಿಸಿಕೊಳ್ಳಬೇಕು, ನೀತಿಗೆ ಸಂಬಂಧಿಸಿದ ಪ್ರಶ್ನೆಗಳಿಗೆ ಉತ್ತರಿಸಬೇಕು. ಜನ ಹೆದರುವುದು ಮೌಖಿಕದ ಮೂರನೆಯ ಭಾಗಕ್ಕೆ. ಪರೀಕ್ಷಕರು ಒಬ್ಬ ರೋಗಿಯ ಬಗ್ಗೆ ಒಂದೆರಡು ಸಾಲು ಹೇಳಿ ಸುಮ್ಮನಾಗುತ್ತಾರೆ. ಉಳಿದದ್ದನ್ನು ನೀವೇ ಕೇಳಿ ಹೊರಡಿಸಬೇಕು. ಕಾಯಿಲೆ ಯಾವಾಗ ಶುರುವಾಯಿತು, ಮೆಲ್ಲಗೆ ಬಂತೇ, ಒಮ್ಮೆಲೇ ಬಂತೇ, ಮನೆಯವರು ಏನಂತಾರೆ, ಯಾವ ಪರೀಕ್ಷೆಯ ಅಂಕ ಬೇಕು. ಕೇಳದಿದ್ದರೆ ಕೊಡುವುದಿಲ್ಲ. ಪುಸ್ತಕ ಬಾಯಿಪಾಠ ಮಾಡಿದವರು ಇಲ್ಲಿ ತಡಬಡಾಯಿಸುತ್ತಾರೆ. ದಿನವೂ ರೋಗಿಗಳ ಜೊತೆ ಕೂತವರಿಗೆ ಇದು ಇನ್ನೊಂದು ಬೆಳಗು.

ತಯಾರಿಗೆ ಒಬ್ಬರೇ ಓದಬೇಡಿ. ಇದೇ ಪರೀಕ್ಷೆಗಾಗಿ "ಬ್ರೈನ್" ಎಂಬ ಅಧ್ಯಯನ ಬಳಗವೇ ಇದೆ; ಮೊದಲು ಪಾಸಾದವರು ಬರೆದಿಟ್ಟ ಟಿಪ್ಪಣಿಗಳು, ಅಣಕು ಮೌಖಿಕಗಳು ಅಲ್ಲಿ ಸಿಗುತ್ತವೆ.

ಮುಖ್ಯ ಸಮ್ಮೇಳನಗಳು ಯಾವುವು? ಎಲ್ಲಕ್ಕೂ ಹೋಗಬೇಕೇ?

ಎಲ್ಲಕ್ಕೂ ಹೋಗುವವರು ಇದ್ದಾರೆ, ಅವರು ರೋಗಿಗಳನ್ನು ಯಾವಾಗ ನೋಡುತ್ತಾರೋ ನಾ ಕಾಣೆ.

ದೊಡ್ಡದು ಇಂಟರ್‌ನ್ಯಾಷನಲ್ ನ್ಯೂರೋಸೈಕಲಾಜಿಕಲ್ ಸೊಸೈಟಿಯದು. 1967ರಲ್ಲಿ ಹುಟ್ಟಿದ ಸಂಘ. ಎಲ್ಲರೂ ಐಎನ್‌ಎಸ್ ಅಂತಲೇ ಕರೆಯುವುದು. ವರ್ಷದ ಮೊದಲಲ್ಲಿ ಉತ್ತರ ಅಮೆರಿಕದಲ್ಲಿ ವಾರ್ಷಿಕ ಸಭೆ, ವರ್ಷದ ನಡುವೆ ಬೇರೆ ಯಾವುದಾದರೂ ಖಂಡದಲ್ಲಿ ಇನ್ನೊಂದು ಸಭೆ. ಇಲ್ಲಿ ಸಂಶೋಧನೆಯ ಪಾಲು ಹೆಚ್ಚು. ಹೊಸ ವಿಚಾರ ಪತ್ರಿಕೆಯಲ್ಲಿ ಅಚ್ಚಾಗುವ ಮುಂಚೆ ಪೋಸ್ಟರ್ ಆಗಿ, ಅಂದರೆ ಸಂಶೋಧನೆಯ ಸಾರ ಬರೆದು ತೂಗುಹಾಕಿದ ದೊಡ್ಡ ಹಾಳೆಯಾಗಿ, ಕಾಣುವುದು ಇಲ್ಲೇ.

ನ್ಯಾಷನಲ್ ಅಕಾಡೆಮಿ ಆಫ್ ನ್ಯೂರೋಸೈಕಾಲಜಿ, ಅಂದರೆ ನ್ಯಾನ್, 1975ರದು. ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವರಿಗೆ ನಾಳೆಯೇ ಬಳಕೆಗೆ ಬರುವಂಥ ವಿಷಯ ಬೇಕಾದರೆ ಇದು. ಅಮೆರಿಕನ್ ಅಕಾಡೆಮಿ ಆಫ್ ಕ್ಲಿನಿಕಲ್ ನ್ಯೂರೋಸೈಕಾಲಜಿಯ ಸಮ್ಮೇಳನ ಜೂನ್ ಹೊತ್ತಿಗೆ ಬರುತ್ತದೆ. ಬೋರ್ಡ್ ಪಾಸಾದವರ, ಪಾಸಾಗಬೇಕೆಂದಿರುವವರ ಕೂಟ. ಯುರೋಪಿನಲ್ಲಿ ದೇಶದೇಶದ ಸಂಘಗಳು ಸೇರಿ ಮಾಡಿಕೊಂಡ ಒಕ್ಕೂಟವಿದೆ, ಅದರ ಸಮ್ಮೇಳನಗಳೂ ನಡೆಯುತ್ತವೆ. ಇಟಲಿಯ ಬ್ರೆಸ್ಸನೋನೆಯಲ್ಲಿ ಚಳಿಗಾಲದಲ್ಲಿ ನಡೆದುಕೊಂಡು ಬಂದ ಕಾಗ್ನಿಟಿವ್ ನ್ಯೂರೋಸೈಕಾಲಜಿ ಕಾರ್ಯಾಗಾರ ಚಿಕ್ಕದಾದರೂ ಹೆಸರುವಾಸಿ.

ಯಾವುದಕ್ಕೆ ಹೋಗಬೇಕು ಎಂದು ತೀರ್ಮಾನಿಸಲು ನನ್ನದೊಂದು ಸರಳ ದಾರಿ ಇದೆ. ಕಳೆದ ಆರು ತಿಂಗಳಲ್ಲಿ ನಿಮ್ಮನ್ನು ನಿದ್ದೆಗೆಡಿಸಿದ ಮೂರು ಕೇಸುಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. ಆ ಮೂರಕ್ಕೆ ಸಂಬಂಧಿಸಿದ ಗೋಷ್ಠಿಗಳು ಯಾವ ಸಮ್ಮೇಳನದಲ್ಲಿ ಹೆಚ್ಚಿವೆಯೋ ಅದಕ್ಕೆ ಹೋಗಿ. ಯಾವುದರಲ್ಲೂ ಇಲ್ಲದಿದ್ದರೆ ಆ ವರ್ಷ ಎಲ್ಲಿಗೂ ಹೋಗದೆ, ಆ ದುಡ್ಡಲ್ಲಿ ಒಬ್ಬ ಅನುಭವಿಯ ಸಮಯ ಕೊಂಡುಕೊಳ್ಳಿ.

ಮೊದಲ ಸಲ ಹೋಗುತ್ತಿದ್ದೇನೆ. ಅಷ್ಟು ಗೋಷ್ಠಿಗಳಲ್ಲಿ ಯಾವುದಕ್ಕೆ ಕೂರುವುದು?

ದಿನಕ್ಕೆ ಎರಡು ಗೋಷ್ಠಿ ಗಮನವಿಟ್ಟು ಕೇಳಿದರೆ ಅದೇ ಹೆಚ್ಚು. ಗಮನ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಅಳೆಯುವುದೇ ಕಸುಬಾದ ಜನ ಬೆಳಗ್ಗೆ ಎಂಟರಿಂದ ಸಂಜೆ ಆರರ ತನಕ ಒಂದೇ ಸಮನೆ ಕೂತಿರುವುದನ್ನು ನೋಡಿದರೆ ನಗು ಬರುತ್ತದೆ.

ದೊಡ್ಡ ಹೆಸರಿನ ಮುಖ್ಯ ಭಾಷಣ ಒಂದನ್ನು ಕೇಳಿ. ಉಳಿದ ಸಮಯವನ್ನು ಕೇಸ್ ಚರ್ಚೆಗಳಿಗೆ ಕೊಡಿ. ಒಂದು ಕಷ್ಟದ ಕೇಸಿನಲ್ಲಿ ಇಬ್ಬರು ಹಿರಿಯರು ಒಪ್ಪದೆ ವಾದಿಸುವುದನ್ನು ಕೂತು ನೋಡುವುದಿದೆಯಲ್ಲ, ಅದು ಪುಸ್ತಕದಲ್ಲಿ ಸಿಗುವುದಿಲ್ಲ. ಪೋಸ್ಟರ್ ಸಾಲಿನಲ್ಲಿ ಕೊನೆಯ ಅರ್ಧ ಗಂಟೆ ಓಡಾಡಿ; ಆಗ ಗದ್ದಲ ಕಡಿಮೆ, ನಿಂತು ಕಾಲು ನೋವು ಬಂದಿರುವ ವಿದ್ಯಾರ್ಥಿಗಳು ಯಾರಾದರೂ ಮಾತಾಡಿಸಿದರೆ ಸಾಕು ಅಂತಿರುತ್ತಾರೆ.

ಪೋಸ್ಟರ್ ಹಾಕಬೇಕೆಂದಿದ್ದೇನೆ. ಯಾವಾಗಿನಿಂದ ತಯಾರಿ?

ಸಾರಾಂಶ ಕಳಿಸುವ ಕೊನೆಯ ದಿನಾಂಕ ಸಮ್ಮೇಳನಕ್ಕೆ ಎಷ್ಟೋ ತಿಂಗಳು ಮುಂಚೆ ಬರುತ್ತದೆ. ಐಎನ್‌ಎಸ್‌ನ ಚಳಿಗಾಲದ ಸಭೆಗೆ ಹಿಂದಿನ ಬೇಸಿಗೆಯಲ್ಲೇ ಕಳಿಸಬೇಕು. "ಫಲಿತಾಂಶ ಮುಂದೆ ತಿಳಿಸಲಾಗುವುದು" ಎಂದು ಬರೆದ ಸಾರಾಂಶ ತಿರಸ್ಕಾರಕ್ಕೆ ಆಹ್ವಾನ ಕೊಟ್ಟ ಹಾಗೆ. ಅಂಕಿಅಂಶ ಕೈಯಲ್ಲಿ ಇದ್ದರೆ ಮಾತ್ರ ಬರೆಯಿರಿ.

ಪೋಸ್ಟರಿನ ಬಗ್ಗೆ ಒಂದೇ ಮಾತು: ನಾಲ್ಕು ಹೆಜ್ಜೆ ದೂರದಿಂದ ಓದಲು ಆಗಬೇಕು. ನನ್ನ ಮೊದಲ ಪೋಸ್ಟರಿನಲ್ಲಿ ಏಳು ಕೋಷ್ಟಕಗಳಿದ್ದವು. ಒಂದೂವರೆ ಗಂಟೆಯಲ್ಲಿ ಇಬ್ಬರು ನಿಂತರು, ಅದರಲ್ಲಿ ಒಬ್ಬರು ಕಾಫಿ ಎಲ್ಲಿ ಸಿಗುತ್ತದೆ ಎಂದು ಕೇಳಲು ಬಂದವರು.

ನನ್ನ ರೋಗಿಯ ಕೇಸನ್ನು ತೋರಿಸಬಹುದೇ?

ರೋಗಿಯ ಒಪ್ಪಿಗೆ, ನಿಮ್ಮ ಸಂಸ್ಥೆಯ ನಿಯಮ ಎರಡೂ ಇದ್ದರೆ ತೋರಿಸಬಹುದು. ಹೆಸರು ತೆಗೆದುಬಿಟ್ಟರೆ ಸಾಲದು. ಅಪರೂಪದ ಕಾಯಿಲೆ, ಅಪರೂಪದ ಉದ್ಯೋಗ, ಸುದ್ದಿಯಾಗಿದ್ದ ಅಪಘಾತ, ಈ ಮೂರರಲ್ಲಿ ಯಾವುದೇ ಎರಡು ಸೇರಿದರೆ ಸಭೆಯಲ್ಲಿ ಒಬ್ಬರಿಗಾದರೂ ಗುರುತು ಹತ್ತುತ್ತದೆ. ಸ್ಕ್ಯಾನ್ ಚಿತ್ರದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹೆಸರು, ದಿನಾಂಕ ಇರುತ್ತದೆ. ಅದನ್ನು ಮುಚ್ಚಲು ಮರೆತ ಸ್ಲೈಡುಗಳನ್ನು ನಾನೇ ನೋಡಿದ್ದೇನೆ.

ಎರಡನೆಯದು ಪರೀಕ್ಷೆಗಳ ಗುಟ್ಟು. ನಮ್ಮ ಪರೀಕ್ಷೆಗಳ ಬೆಲೆ ಇರುವುದೇ ಎದುರಿಗಿರುವವರು ಅದನ್ನು ಮೊದಲು ನೋಡಿಲ್ಲ ಎಂಬುದರ ಮೇಲೆ. ಪ್ರಶ್ನೆಗಳನ್ನು, ಚಿತ್ರಗಳನ್ನು ಸ್ಲೈಡಿನಲ್ಲಿ ಹಾಕಬೇಡಿ, ಕಾರ್ಯಾಗಾರದಲ್ಲಿ ತೋರಿಸಿದ್ದನ್ನು ಫೋನಿನಲ್ಲಿ ಫೋಟೋ ತೆಗೆಯಬೇಡಿ. ನಾಳೆ ಅದು ಎಲ್ಲೋ ಹಂಚಿಕೆಯಾಗಿ, ನಾಡಿದ್ದು ನಿಮ್ಮ ಎದುರು ಕೂತವರು "ಇದನ್ನು ಫೋನಿನಲ್ಲಿ ನೋಡಿದ್ದೆ" ಅಂದರೆ ಆ ಪರೀಕ್ಷೆ ಅಲ್ಲಿಗೆ ಮುಗಿಯಿತು. ರೇ ಚಿತ್ರವನ್ನು ಮೇಲೆ ವರ್ಣಿಸದೆ ಬಿಟ್ಟದ್ದು ಇದಕ್ಕೇ.

ಮೆದುಳನ್ನು ಕೈಯಾರೆ ಕೊಯ್ದು ನೋಡುವ ಕೋರ್ಸುಗಳಿವೆಯಂತೆ. ಮನೋವಿಜ್ಞಾನಿಗಳಿಗೆ ಅದು ಬೇಕೇ?

ಒಮ್ಮೆಯಾದರೂ ಬೇಕು. ಅಮೆರಿಕದ ಮಿಲ್ವಾಕಿಯ ಮಾರ್ಕೆಟ್ (Marquette) ವಿಶ್ವವಿದ್ಯಾಲಯದಲ್ಲಿ ಮಾನವ ಮೆದುಳು, ಬೆನ್ನುಹುರಿಯ ಛೇದನದ ಕೋರ್ಸು ನಡೆದುಕೊಂಡು ಬಂದಿದೆ. ಬೇರೆ ಕಡೆ ವೈದ್ಯಕೀಯ ಕಾಲೇಜಿನ ಅಂಗರಚನೆಯ ವಿಭಾಗಕ್ಕೆ ಹೋಗಿ ಕೇಳಿಕೊಂಡರೂ ಅವಕಾಶ ಸಿಗಬಹುದು.

ಪುಸ್ತಕದಲ್ಲಿ ಹಿಪ್ಪೊಕ್ಯಾಂಪಸ್, ಅಂದರೆ ಮೆದುಳಿನಲ್ಲಿ ಹೊಸ ನೆನಪು ಕೂಡಿಡಲು ಬೇಕಾದ ಭಾಗ, ಬಣ್ಣ ತುಂಬಿದ ಒಂದು ದೊಡ್ಡ ಆಕಾರ. ಕೈಯಲ್ಲಿ ಹಿಡಿದಾಗ ಕಿರುಬೆರಳಿನಷ್ಟು ಉದ್ದ, ರಾಸಾಯನಿಕದಲ್ಲಿ ನೆನೆದು ಗಟ್ಟಿಯಾಗಿದ್ದರೂ ಮೆತ್ತಗೆ. ಅದರ ಸುತ್ತ ಏನೇನಿದೆ ಎಂದು ಬೆರಳಿನಿಂದ ತಡವಿ ನೋಡಿದ ಮೇಲೆ, ಅದು ಇರುವ ಟೆಂಪೊರಲ್ ಲೋಬಿನ (ಕಿವಿಯ ಪಕ್ಕದ ಮೆದುಳಿನ ಭಾಗ) ಒಳಭಾಗಕ್ಕೆ ಪೆಟ್ಟಾದರೆ ನೆನಪಿನ ಜೊತೆಗೆ ಇನ್ನೇನು ಹೋಗಬಹುದು ಎಂಬುದು ಬಾಯಿಪಾಠ ಮಾಡಬೇಕಾದ ವಿಷಯವಾಗಿ ಉಳಿಯುವುದಿಲ್ಲ. 1953ರಲ್ಲಿ ಮೂರ್ಛೆರೋಗಕ್ಕೆಂದು ಎರಡೂ ಕಡೆಯ ಆ ಭಾಗ ತೆಗೆಸಿಕೊಂಡು, ಹೊಸದೇನನ್ನೂ ನೆನಪಿಟ್ಟುಕೊಳ್ಳಲಾರದೆ ಹೋದ ಎಚ್‌.ಎಂ. ಅವರ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಆ ರೋಗಿಯನ್ನು ಪರೀಕ್ಷಿಸಿ ಬರೆದದ್ದೇ ಈ ಕ್ಷೇತ್ರದ ಅಡಿಪಾಯಗಳಲ್ಲಿ ಒಂದು. ಆ ರೋಗಿ 2008ರಲ್ಲಿ ತೀರಿಕೊಂಡ ಮೇಲೆ, ಮರುವರ್ಷ ಅವರ ಮೆದುಳನ್ನು 2401 ತೆಳು ಪದರಗಳಾಗಿ ಕತ್ತರಿಸಿದ್ದನ್ನು ಇಂಟರ್ನೆಟ್ಟಿನಲ್ಲಿ ನೇರಪ್ರಸಾರ ಮಾಡಿದ್ದರು. ಪರದೆಯ ಮೇಲೆ ನೋಡಿದ್ದಕ್ಕೂ ಕೈಯಲ್ಲಿ ಹಿಡಿದದ್ದಕ್ಕೂ ಇರುವ ಅಂತರ ಮಾತ್ರ ದೊಡ್ಡದು.

ಆನ್‌ಲೈನ್‌ನಲ್ಲೇ ಎಲ್ಲ ಕಲಿಯಲು ಆಗುವುದಿಲ್ಲವೇ?

ಉಪನ್ಯಾಸ ಕೇಳಲು ಆನ್‌ಲೈನ್ ಧಾರಾಳ ಸಾಕು. 2020ರ ಸಾಂಕ್ರಾಮಿಕದ ನಂತರ ದುಡ್ಡು ಕೊಡದೆ ಕೇಳಬಹುದಾದ ಪಾಠಮಾಲೆಗಳು ಬಂದಿವೆ. "ನೋ ನ್ಯೂರೋಸೈಕಾಲಜಿ" (Know, ಅಂದರೆ ತಿಳಿ) ಅಂಥದ್ದೊಂದು. "ನ್ಯಾವಿಗೇಟಿಂಗ್ ನ್ಯೂರೋಸೈಕಾಲಜಿ" ಎಂಬ ಪಾಡ್‌ಕಾಸ್ಟ್ ಇದೆ, ಪ್ರಯಾಣದಲ್ಲಿ ಕೇಳಲು ಒಳ್ಳೆಯದು. ಡಿಮೆನ್ಷಿಯಾದ ಬಗೆಗಳು, ಮೆದುಳಿನ ಬಿಳಿ ದ್ರವ್ಯದ (ನರತಂತುಗಳ) ಕಾಯಿಲೆಗಳು, ಅಂಕಿಅಂಶ ಶಾಸ್ತ್ರ ಇಂಥವನ್ನು ಕಲಿಯಲು ವಿಮಾನ ಹತ್ತಬೇಕಾಗಿಲ್ಲ.

ಆಗದಿರುವುದು ಕೈಗೆ ಸಂಬಂಧಿಸಿದ್ದು. ರೋಗಿಗೆ ಸೂಚನೆ ಹೇಳುವ ದನಿ, ಅವರು ಸುಸ್ತಾದರೆಂದು ಗೊತ್ತಾಗುವ ಗಳಿಗೆ, ತಪ್ಪು ಉತ್ತರ ಬಂದಾಗ ನಿಮ್ಮ ಮುಖದಲ್ಲಿ ಏನೂ ಕಾಣಿಸದಂತೆ ಕೂರುವುದು, ಇದನ್ನೆಲ್ಲ ಪಕ್ಕದಲ್ಲಿ ಒಬ್ಬರು ಕೂತು ತಿದ್ದಬೇಕು.

ವರ್ಷಕ್ಕೆ ಎಷ್ಟು ಗಂಟೆ ಮುಂದುವರಿದ ಶಿಕ್ಷಣ ಬೇಕು?

ನಿಮ್ಮ ನೋಂದಣಿ ಎಲ್ಲಿದೆಯೋ ಅಲ್ಲಿನ ಮಂಡಳಿಯ ನಿಯಮ ನೋಡಿ. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ 30 ಗಂಟೆ, ಅದರಲ್ಲಿ 10 ಗಂಟೆ ಸಹೋದ್ಯೋಗಿಗಳ ಜೊತೆ ತಮ್ಮ ಕೆಲಸ ಚರ್ಚಿಸಿದ್ದಾಗಿರಬೇಕು. ಈ ಎರಡನೆಯ ಷರತ್ತು ನನಗೆ ಬಹಳ ಇಷ್ಟ. ಬ್ರಿಟನ್ನಿನಲ್ಲಿ ಗಂಟೆ ಎಣಿಸುವುದಿಲ್ಲ. ನೋಂದಣಿ ನವೀಕರಿಸುವಾಗ ಕೆಲವರನ್ನು ಆರಿಸಿ ಏನು ಕಲಿತಿರಿ, ಅದರಿಂದ ರೋಗಿಗೇನು ಉಪಯೋಗವಾಯಿತು ಎಂದು ಲೆಕ್ಕ ಕೇಳುತ್ತಾರೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ಲೆಕ್ಕ. ಸಮ್ಮೇಳನಕ್ಕೆ ದುಡ್ಡು ಕಟ್ಟುವ ಮುಂಚೆ ಅಲ್ಲಿ ಕೊಡುವ ಗಂಟೆಗಳನ್ನು ನಿಮ್ಮ ಮಂಡಳಿ ಒಪ್ಪುತ್ತದೆಯೇ ಎಂದು ವಿಚಾರಿಸಿಕೊಳ್ಳಿ, ಸಹಿ ಹಾಕುವ ಹಾಳೆ ಎಲ್ಲಿದೆ ಎಂದು ಮೊದಲ ದಿನವೇ ಹುಡುಕಿಕೊಳ್ಳಿ.

ಸಮ್ಮೇಳನಗಳಲ್ಲಿ ಹೇಳುವುದೆಲ್ಲ ಇಂಗ್ಲಿಷ್ ಮಾತಾಡುವವರ ಅಂಕಗಳು. ಬೇರೆ ಭಾಷೆಯ ರೋಗಿಗೆ ಅದು ಹೊಂದುತ್ತದೆಯೇ?

ಬಹಳ ಸಲ ಹೊಂದುವುದಿಲ್ಲ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಒಂದು ನಿಮಿಷದಲ್ಲಿ ಹೇಳಿ ಎಂಬ ಪರೀಕ್ಷೆಯನ್ನೇ ನೋಡಿ. ಇಂಗ್ಲಿಷಿನ ಅಕ್ಷರ ಬೇರೆ, ಕನ್ನಡದ ಅಕ್ಷರ ಬೇರೆ. "ಕ" ಅಂದರೆ "ಕಾ", "ಕಿ" ಎಲ್ಲ ಸೇರುತ್ತದೆಯೇ? ನಾನು ಸೇರುತ್ತದೆ ಅಂತೇನೆ, ಪಕ್ಕದ ಕೋಣೆಯವರು ಇಲ್ಲ ಅಂತಾರೆ. ಹಾಗಿರುವಾಗ ಇಬ್ಬರ ಅಂಕಗಳನ್ನು ಹೋಲಿಸುವುದು ಹೇಗೆ? ಶಾಲೆಗೇ ಹೋಗದ ಅಜ್ಜಿಯನ್ನು ಕೇಳಿದರೆ "ಅಕ್ಷರ ಅಂದ್ರೇನಪ್ಪ?" ಅಂತಾರೆ, ಅದು ಮೆದುಳಿನ ಕಾಯಿಲೆ ಅಲ್ಲ. ಅವರಿಗೆ ಪ್ರಾಣಿಗಳ ಹೆಸರು ಹೇಳಿ ಅಂದರೆ ಗಡಿಯಾರ ನೋಡಬೇಕಾದವರು ನೀವೇ.

ಗೋಷ್ಠಿಯಲ್ಲಿ ಹೊಸ ಪರೀಕ್ಷೆಯನ್ನು ಹೊಗಳುತ್ತಿದ್ದರೆ ಕೈ ಎತ್ತಿ ಕೇಳಿ: ಮಾನದಂಡ ಯಾರ ಮೇಲೆ ಮಾಡಿದ್ದು, ಅವರು ಎಷ್ಟು ಓದಿದವರು, ಮನೆಯಲ್ಲಿ ಯಾವ ಭಾಷೆ? ಉತ್ತರ ತಡವರಿಸಿದರೆ ನಿಮಗೆ ಬೇಕಾದ್ದು ಸಿಕ್ಕಿತು.

ಪ್ರಾಮಾಣಿಕವಾಗಿ ಪ್ರಯತ್ನಿಸದವರನ್ನು ಗುರುತಿಸುವ ಪರೀಕ್ಷೆಗಳ ತರಬೇತಿ ಎಲ್ಲರಿಗೂ ಬೇಕೇ, ಕೋರ್ಟ್ ಕೇಸು ನೋಡುವವರಿಗೆ ಮಾತ್ರವೇ?

ಎಲ್ಲರಿಗೂ. ಪರಿಹಾರದ ದುಡ್ಡಿನ ಪ್ರಶ್ನೆ ಇಲ್ಲದ ಕಡೆಯೂ ಜನ ಸುಸ್ತು, ಭಯ, ಸಿಟ್ಟು, ನಿದ್ದೆಗೇಡಿನಿಂದ ಪೂರ್ತಿ ಪ್ರಯತ್ನ ಹಾಕದೆ ಇರಬಹುದು. ಅಮೆರಿಕನ್ ಅಕಾಡೆಮಿ 2009ರಲ್ಲಿ ಈ ಬಗ್ಗೆ ತಜ್ಞರ ಒಮ್ಮತದ ಹೇಳಿಕೆ ಹೊರಡಿಸಿ, 2021ರಲ್ಲಿ ಪರಿಷ್ಕರಿಸಿದೆ. ಎರಡನ್ನೂ ಓದಿ, ಆಮೇಲೆ ಕಾರ್ಯಾಗಾರಕ್ಕೆ ಹೋಗಿ. ಒಂದು ಎಚ್ಚರಿಕೆ: ಇಂಥ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂತೆಂದರೆ ಅವತ್ತಿನ ಉಳಿದ ಪರೀಕ್ಷೆಗಳ ಅಂಕಗಳನ್ನು ನಂಬಲಾಗದು ಎಂದು ಅರ್ಥ. ಮನುಷ್ಯ ಸುಳ್ಳುಗಾರ ಎಂದು ಅರ್ಥವಲ್ಲ. ಹೊಸಬರು ಮೊದಲನೆಯದರಿಂದ ಎರಡನೆಯದಕ್ಕೆ ಒಂದೇ ನೆಗೆತಕ್ಕೆ ಹೋಗಿಬಿಡುತ್ತಾರೆ.

ಪರೀಕ್ಷೆ ಮಾಡಿಸುವ ತಂತ್ರಜ್ಞರು ಸಮ್ಮೇಳನಕ್ಕೆ ಬರಬಹುದೇ?

ಖಂಡಿತ ಬರಬಹುದು, ಬರಬೇಕು. ರೋಗಿಯ ಎದುರು ನಮಗಿಂತ ಹೆಚ್ಚು ಹೊತ್ತು ಕೂರುವವರು ಅವರೇ.

ವಿದ್ಯಾರ್ಥಿ ನಾನು, ಅಷ್ಟು ದುಡ್ಡಿಲ್ಲ.

ಬಹುತೇಕ ಎಲ್ಲ ಸಂಘಗಳಲ್ಲೂ ವಿದ್ಯಾರ್ಥಿ ಸದಸ್ಯರಿಗೆ ಶುಲ್ಕ ಕಡಿಮೆ. ಮೊದಲು ಸದಸ್ಯರಾಗಿ, ಆಮೇಲೆ ಸಮ್ಮೇಳನಕ್ಕೆ ನೋಂದಾಯಿಸಿ. ಲೆಕ್ಕ ಹಾಕಿದರೆ ಉಳಿತಾಯ. ನೋಂದಣಿ ಮೇಜಿನಲ್ಲಿ, ಗೋಷ್ಠಿಯ ಬಾಗಿಲಲ್ಲಿ ಸ್ವಯಂಸೇವಕರಾಗಿ ನಿಲ್ಲುವವರಿಗೆ ಶುಲ್ಕ ಬಿಡುವ ಪದ್ಧತಿ ಹಲವೆಡೆ ಇದೆ. ಪ್ರಯಾಣ ವೆಚ್ಚದ ಸಹಾಯಕ್ಕೆ ಅರ್ಜಿ ಹಾಕಲು ಸಂಕೋಚ ಬೇಡ.

ಸಮ್ಮೇಳನ ಮುಗಿಸಿ ಬಂದ ಮೇಲೆ ಏನು ಮಾಡಬೇಕು?

ಚೀಲದಲ್ಲಿರುವ ಕರಪತ್ರಗಳನ್ನು ಕಸದ ಬುಟ್ಟಿಗೆ ಹಾಕಿ. ಆಮೇಲೆ ನಿಮ್ಮದೇ ಒಂದು ಹಳೆಯ ವರದಿ ತೆಗೆದು ಓದಿ.

2020ರಲ್ಲಿ ಅಮೆರಿಕನ್ ಅಕಾಡೆಮಿ ಅಂಕಗಳಿಗೆ ಯಾವ ಹೆಸರು ಕೊಡಬೇಕು ಎಂಬುದಕ್ಕೆ ಒಮ್ಮತದ ಪಟ್ಟಿ ಮಾಡಿತು. ಅಲ್ಲಿಯ ತನಕ ಐದನೇ ಪರ್ಸೆಂಟೈಲ್, ಅಂದರೆ ನೂರರಲ್ಲಿ ಸುಮಾರು ಐದು ಜನರಷ್ಟೇ ಅದಕ್ಕಿಂತ ಕೆಳಗಿರುವ ಅಂಕ, ಬಂದರೆ ಒಬ್ಬರು "ಬಾರ್ಡರ್‌ಲೈನ್" ಅಂತ ಬರೆದರೆ, ಇನ್ನೊಬ್ಬರು "ಕುಂದಿದೆ" ಅಂತ, ಮತ್ತೊಬ್ಬರು "ಸ್ವಲ್ಪ ದುರ್ಬಲ" ಅಂತ ಬರೆಯುತ್ತಿದ್ದರು. ಒಂದೇ ರೋಗಿ, ಮೂರು ಆಸ್ಪತ್ರೆ, ಮೂರು ಮಾತು. ಹೊಸ ಪಟ್ಟಿಯಲ್ಲಿ ಪರ್ಸೆಂಟೈಲ್ 25ರಿಂದ 74ರ ತನಕ ಸರಾಸರಿ, 9ರಿಂದ 24 ಸರಾಸರಿಯ ಕೆಳ ಅಂಚು, 2ರಿಂದ 8 ಸರಾಸರಿಗಿಂತ ಕೆಳಗೆ, 2ಕ್ಕಿಂತ ಕಡಿಮೆ ಇದ್ದರೆ ಅಸಾಧಾರಣವಾಗಿ ಕಡಿಮೆ. "ಕುಂದಿದೆ" ಎಂಬುದು ಅಂಕಕ್ಕೆ ಅಂಟಿಸುವ ಚೀಟಿಯಲ್ಲ. ಇತಿಹಾಸ, ಹಿಂದಿನ ಶಕ್ತಿ ಎಲ್ಲ ನೋಡಿ ನೀವು ಬರಬೇಕಾದ ತೀರ್ಮಾನ.

ಇದರ ಬಗ್ಗೆ ಒಂದು ಗೋಷ್ಠಿ ಕೇಳಿ ಬಂದ ಸೋಮವಾರ, ಬೇರೆ ಯಾವ ಕೆಲಸಕ್ಕೂ ಕೈ ಹಾಕದೆ, ವರದಿ ಬರೆಯಲು ನಾನು ಬಳಸುತ್ತಿದ್ದ ಟೆಂಪ್ಲೇಟ್ ತೆರೆದು "ಬಾರ್ಡರ್‌ಲೈನ್" ಎಂಬ ಪದ ಹುಡುಕಿದೆ. ಹನ್ನೊಂದು ಕಡೆ ಇತ್ತು.